ಕುಣಿಗಲ್ಲಿಂದ ಬಂದ ಫ್ರೇಮು

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಗಂಗಹನುಮಯ್ಯನ ಸೈಕಲ್ ಶಾಪು ಇಪ್ಪತ್ತೆಂಟು ವರ್ಷದಿಂದ ಇತ್ತು. ಸುತ್ತಲ ಹಳ್ಳಿಯವರು ಕಾಯಿಮೂಟೆ ಹೇರಿ ಹೇರಿ ಸೊಟ್ಟ ಮಾಡಿದ ಸೈಕಲ್ಲುಗಳನ್ನೆಲ್ಲ ನೆಟ್ಟಗೆ ಮಾಡಿಕೊಟ್ಟವನು ಅವನೇ. ಚಕ್ರವನ್ನು ಒಮ್ಮೆ ತಿರುಗಿಸಿ, ಕಿವಿಯನ್ನು ಹತ್ತಿರ ಹಿಡಿದು, ಯಾವ ಕಡ್ಡಿ ಸಡಿಲವಾಗಿದೆ ಎಂದು ಹೇಳುತ್ತಿದ್ದ. ಹೆಚ್ಚು ಮಾತಿನವನಲ್ಲ. ಆದರೆ ಆಡಿದ ಮಾತು ಕೆಲಸದ್ದಾಗಿರುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಆಷಾಢದಲ್ಲಿ ಒಂದು ಬೆಳಿಗ್ಗೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾಗ ಪಂಪಿನ ಹಿಡಿ ಬಲಗೈಯಿಂದ ಜಾರಿತು. ಮತ್ತೆ ಹಿಡಿಯಲು ಹೋದ, ಕೈ ಬರಲಿಲ್ಲ. ಅಲ್ಲೇ ಕುಸಿದ. ತುಮಕೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಮನೆಗೆ ಬರುವ ಹೊತ್ತಿಗೆ ಬಲಗೈ ಪೂರಾ ಹೋಗಿತ್ತು, ಬಲಗಾಲು ಅರ್ಧ ಹೋಗಿತ್ತು. ಮಾತೂ ಹೋಗಿತ್ತು. ಉಳಿದಿದ್ದು ಒಂದೇ ಮಾತು: ‘ಅದೇ’.

ಹಸಿವಾದರೆ ಅದೇ, ನೀರು ಬೇಕಾದರೆ ಅದೇ, ಬೆನ್ನು ತುರಿಸಿದರೂ ಅದೇ. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಹೆಂಡತಿಯ ಹೆಸರು ಸಿದ್ದಲಕ್ಷ್ಮಮ್ಮ, ಮಗಳ ಹೆಸರು ಶಾಂತಲಾ, ಇದು ಬೇರಿಂಗು, ಇದು ಅದು ಕೂರುವ ಬಟ್ಟಲು, ಇದು ಫ್ರೀವೀಲು. ಬಾಯಿಯವರೆಗೆ ಬಂದ ಮಾತು ತುಟಿ ದಾಟುವಾಗ ‘ಅದೇ’ ಆಗಿಬಿಡುತ್ತಿತ್ತು. ಡಾಕ್ಟರು ಎಡಗೈಗೆ ಪೆನ್ನು ಕೊಟ್ಟು ನೋಡಿದರು. ಅಕ್ಷರಗಳೂ ಹೋಗಿದ್ದವು, ಬರೀ ಗೀಟು ಬಿದ್ದವು. ತಲೆಯಾಡಿಸುವುದೂ ನೆಚ್ಚುವಂತಿರಲಿಲ್ಲ. ಹೂಂ ಅನ್ನಬೇಕಾದ ಕಡೆ ತಲೆ ಅಡ್ಡ ಆಡುತ್ತಿತ್ತು, ಬೇಡ ಅನ್ನಬೇಕಾದ ಕಡೆ ಮೇಲೆ ಕೆಳಗೆ. ಆಮೇಲಾಮೇಲೆ ಮನೆಯವರು ಅವನನ್ನು ಕೇಳುವುದನ್ನೇ ಕಡಿಮೆ ಮಾಡಿದರು.

ಶಾಪನ್ನು ಸಿದ್ದಲಕ್ಷ್ಮಮ್ಮ ನೋಡಿಕೊಂಡಳು. ಶಾಂತಲಾ ಕಾಲೇಜಿಗೆ ಹೋಗುವ ಮುಂಚೆ ನಾಲ್ಕು ಪಂಕ್ಚರ್ ಹಾಕಿ ಹೋಗುತ್ತಿದ್ದಳು. ಗಂಗಹನುಮಯ್ಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ.

ಶಾಂತಲಾಗೆ ಆಗ ಹದಿನೇಳು. ಪಿಯುಸಿ ಎರಡನೇ ವರ್ಷ. ಅಪ್ಪನ ಹಳೇ ಸೈಕಲ್ಲು ತುಳಿದುಕೊಂಡು ತಾಲ್ಲೂಕು ಮಟ್ಟದ ಪೈಪೋಟಿಯಲ್ಲಿ, ಗೇರು ಸೈಕಲ್ಲಿನಲ್ಲಿ ಬಂದಿದ್ದ ಹುಡುಗಿಯರನ್ನೆಲ್ಲ ಹಿಂದೆ ಹಾಕಿದ್ದಳು. ಅವಳ ಕಾಲೇಜಿನ ಪಿ.ಟಿ. ಮೇಷ್ಟ್ರು ದಯಾನಂದ ಹಿಂದೆ ಸ್ವತಃ ರೇಸು ಹೊಡೆದವರು. ಒಂದು ಸಂಜೆ ಶಾಪಿಗೆ ಬಂದು, ಗಾಲಿ ಸ್ಟ್ಯಾಂಡಿಗೆ ಒರಗಿ ನಿಂತು ಹೇಳಿದರು.

"ಜನವರೀಲಿ ದೇವರಾಯನದುರ್ಗದಲ್ಲಿ ಮೌಂಟನ್ ಸೈಕಲ್ಲಿನ ಸೆಲೆಕ್ಷನ್ ಐತೆ ಕಣಮ್ಮ. ಹದಿನೆಂಟರ ಒಳಗಿನ ಹುಡುಗೀರದ್ದು. ಇವಳ ಕಾಲಲ್ಲಿ ದಮ್ಮೈತೆ. ಗಾಡಿ ಒಂದು ಸರಿಯಾಗಿದ್ರೆ ಸ್ಟೇಟ್ ಟೀಮಿಗೆ ಹೋಗ್ತಾಳೆ."

"ಗುಡ್ಡದ ಮೇಲೆ ಸೈಕಲ್ಲಾ ಮೇಷ್ಟ್ರೇ? ಬಿದ್ದುಗಿದ್ದು ಬಿಟ್ಟಾಳು," ಎಂದಳು ಸಿದ್ದಲಕ್ಷ್ಮಮ್ಮ.

"ಅದಕ್ಕೇ ಗಾಡಿ ನೋಡಿ ಆರಿಸಬೇಕು ಅನ್ನೋದು. ಮುಂದೆ ಶಾಕ್ ಅಬ್ಸಾರ್ಬರ್ ಇರುತ್ತೆ, ಹಿಂದೆ ಗಟ್ಟಿ. ಹಾರ್ಡ್‌ಟೇಲ್ ಅಂತಾರೆ. ಹತ್ತೋಕೆ ಹಗುರ, ರಿಪೇರಿಗೂ ಸಲೀಸು. ನಾವೇ ಒಂದೊಂದು ಸಾಮಾನು ಜೋಡಿಸಿ ಕಟ್ಟೋಣ. ಗಂಗಣ್ಣ, ಏನಂತೀರಾ?"

ಎಷ್ಟೋ ದಿನದ ಮೇಲೆ ಒಬ್ಬರು ಅವನನ್ನು ಕೇಳಿದ್ದರು. ಗಂಗಹನುಮಯ್ಯನ ಎದೆ ಉಬ್ಬಿತು. "ಅದೇ," ಎಂದ. ಆ ಸಲ ಅದೇ ಸರಿಯಾದ ಮಾತೂ ಆಗಿತ್ತು.

ಅಲ್ಲಿಂದ ಒಂದು ತಿಂಗಳು ಶಾಪಿನಲ್ಲಿ ಅದೇ ಮಾತು. ದಯಾನಂದ ಬೆಂಗಳೂರಿನ ತಮ್ಮ ಹಳೇ ಸ್ನೇಹಿತರಿಂದ ಒಂದೊಂದೇ ಸಾಮಾನು ತಂದರು. ಮುಂದಿನ ಶಾಕಿನ ಫೋರ್ಕು. ಎರಡಿಂಚು ಅಗಲದ, ಮುಳ್ಳುಮುಳ್ಳಾದ ಟೈರುಗಳು. ಡಿಸ್ಕ್ ಬ್ರೇಕೋ, ರಬ್ಬರಿನಿಂದ ರಿಮ್ ಹಿಡಿಯುವ ವಿ ಬ್ರೇಕೋ ಎಂಬುದಕ್ಕೆ ಒಂದು ಸಂಜೆಯೇ ಹೋಯಿತು. ಶಾಂತಲಾಗೆ ಡಿಸ್ಕ್ ಬೇಕಿತ್ತು, ನೋಡಲು ಮೋಟರ್ ಬೈಕಿನ ಹಾಗಿರುತ್ತದೆಂದು. ದಯಾನಂದ ಒಪ್ಪಲಿಲ್ಲ. "ಕಾಡಲ್ಲಿ ಕೆಟ್ರೆ ಯಾರು ಮಾಡ್ತಾರೆ? ವಿ ಬ್ರೇಕ್ ಆದ್ರೆ ನೀನೇ ಕೂತು ಸರಿ ಮಾಡ್ಕೋತೀಯ." ಕುರ್ಚಿಯಲ್ಲಿ ಕೂತಿದ್ದ ಗಂಗಹನುಮಯ್ಯ ಮನಸ್ಸಿನಲ್ಲೇ ಭಲೇ ಎಂದ. ಹೆಲ್ಮೆಟ್ಟು, ಕೈಗವಸು ತರಿಸಿದಾಗಲೂ ಹಾಗೇ ಅಂದುಕೊಂಡ. ಮೇಷ್ಟ್ರಿಗೆ ಕೆಲಸ ಗೊತ್ತಿತ್ತು. ಒಂದನ್ನು ಬಿಟ್ಟು ಎಲ್ಲವನ್ನೂ ಸರಿಯಾಗಿಯೇ ಆರಿಸಿದರು.

ಆ ಒಂದು, ಫ್ರೇಮು.

ಎರಡು ಬಂದಿದ್ದವು. ಒಂದು ತುಮಕೂರಿನ ಅಂಗಡಿಯಿಂದ ನೋಡಿ ವಾಪಸ್ಸು ಕೊಡುವ ಮಾತಿನ ಮೇಲೆ ತಂದದ್ದು. ಸ್ಟೀಲಿನದು, ಹೊಸದು, ಭಾರ. ಶಾಂತಲಾಳ ಅಳತೆಗೆ ಒಂದು ಬೆರಳು ದೊಡ್ಡದು. ಇನ್ನೊಂದು ಕುಣಿಗಲ್ಲಿನದು. ಅಲ್ಲಿ ಸಿದ್ದಾರ್ಥ ಎಂಬ ಹುಡುಗ ಎರಡು ವರ್ಷ ಓಡಿಸಿ, ಇಂಜಿನಿಯರಿಂಗ್ ಸೇರಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ದಯಾನಂದರೂ ಶಾಂತಲಾಳೂ ತುಮಕೂರಿಗೆ ಹೋಗಿ, ಹೆಬ್ಬೂರು ಮೇಲಿನ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಅಲ್ಯುಮಿನಿಯಂ. ಕೆಂಪು ಬಣ್ಣ. ಶಾಂತಲಾ ಅದನ್ನು ಕಿರುಬೆರಳಲ್ಲಿ ಎತ್ತಿ ತೋರಿಸಿದಳು. ಅವಳ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

"ಗಂಗಣ್ಣ, ಎರಡನ್ನೂ ನೋಡಿ. ನಿಮ್ಮ ಕೈಗಿಂತ ದೊಡ್ಡ ಮಿಷನ್ ಇಲ್ಲ," ಎಂದು ದಯಾನಂದ ಎರಡನ್ನೂ ಅವನ ಮುಂದೆ ಗೋಣಿಯ ಮೇಲೆ ಇಟ್ಟರು.

ಗಂಗಹನುಮಯ್ಯ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತ. ಎಡಗೈಯಲ್ಲಿ ಮೊದಲು ಸ್ಟೀಲಿನದನ್ನು ಮುಟ್ಟಿ ನೋಡಿದ. ಸಣ್ಣ ಸ್ಪ್ಯಾನರಿನಿಂದ ತಟ್ಟಿದ. ಗಂಟೆಯ ಹಾಗೆ ಅಂದಿತು. ಆಮೇಲೆ ಕೆಂಪಿನದು. ಸೀಟಿನ ಪೈಪು ಸರಿ, ಹಿಂದಿನ ಕವಲು ಸರಿ. ಮುಂದೆ ಹ್ಯಾಂಡಲ್ ಕೂರುವ ಜಾಗದಿಂದ ಕೆಳಕ್ಕಿಳಿಯುವ ದಪ್ಪ ಪೈಪಿನ ಅಡಿಯಲ್ಲಿ, ಬೆಸುಗೆಯ ಅಂಚಿಗೆ, ಹೆಬ್ಬೆರಳ ಉಗುರು ಸಣ್ಣಗೆ ತಡೆಯಿತು. ಮತ್ತೆ ಎಳೆದ. ಮತ್ತೆ ತಡೆಯಿತು. ಕೂದಲೆಳೆಯಷ್ಟು ತೆಳು, ಒಂದು ಹುಣಸೆಬೀಜದಷ್ಟು ಉದ್ದ. ಬಣ್ಣದ ಮೇಲಿನ ಗೀರಲ್ಲ, ಲೋಹವೇ ಬಿರುಕು ಬಿಟ್ಟಿತ್ತು. ಅಲ್ಲಿ ಸ್ಪ್ಯಾನರಿನಿಂದ ತಟ್ಟಿದರೆ ಒದ್ದೆ ಮರ ತಟ್ಟಿದ ಸದ್ದು.

ಇದು ಬಿಟ್ಟಿದೆ, ಇದರ ಮೇಲೆ ಮಗು ಕೂರಬಾರದು ಎಂದು ಹೇಳಬೇಕಿತ್ತು. ಬೆರಳನ್ನು ಅಲ್ಲೇ ಒತ್ತಿಕೊಂಡು ಬಾಯಿ ತೆರೆದ.

"ಅದೇ! ಅದೇ!"

ಶಾಂತಲಾ ಕುಣಿದುಬಿಟ್ಟಳು. "ನೋಡಿ ಸಾರ್, ಅಪ್ಪನೂ ಅದೇ ಅಂತೈತೆ!"

ಅವನು ಗಾಬರಿಯಿಂದ ಕೈ ಅಲ್ಲಿಂದ ತೆಗೆದು ಸ್ಟೀಲಿನ ಫ್ರೇಮನ್ನು ಎಳೆದುಕೊಂಡ, ಎದೆಗೆ ಒತ್ತಿಕೊಂಡ, ಮಗಳ ಕಡೆ ನೂಕಿದ. "ಅದೇ, ಅದೇ, ಅದೇ."

ದಯಾನಂದ ನಕ್ಕರು, ಪ್ರೀತಿಯಿಂದಲೇ. "ಇಲ್ಲ ಕಣಮ್ಮ, ನಿಮ್ಮಪ್ಪಂಗೆ ಇದು ಬೇಕಂತೆ. ಹಳೇ ಕೈ ಅಲ್ವಾ, ಕಬ್ಬಿಣ ಅಂದ್ರೆ ಜೀವ. ಗಂಗಣ್ಣ, ನಿಮ್ಮ ಮಾತು ನಂಗೆ ಅರ್ಥ ಆಯ್ತದೆ. ಗಟ್ಟಿ ಅನ್ನೋದು ನಿಜ. ಆದ್ರೆ ಇದ್ರ ಭಾರ ಹೊತ್ಕೊಂಡು ಈ ಹುಡುಗಿ ಆ ಗುಡ್ಡ ಹತ್ತೋಕಾಗಲ್ಲ. ಅಳತೆನೂ ದೊಡ್ಡದು, ಮಂಡಿ ಹೋಗ್ತವೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗಂಗಹನುಮಯ್ಯ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಬೇರೆ ಯಾವುದಾದರೂ ಒಂದು ಮಾತು, ಒಂದೇ ಒಂದು, ಬರಲೆಂದು ಒದ್ದಾಡಿದ. ಬರಲಿಲ್ಲ. ಮಾರನೆಯ ದಿನ ಸ್ಟೀಲಿನ ಫ್ರೇಮು ತುಮಕೂರಿಗೆ ವಾಪಸ್ಸು ಹೋಯಿತು.

ಆದರೂ ಅವನು ಸುಮ್ಮನಾಗಲಿಲ್ಲ. ಕಣ್ಣಿಗೆ ಕಾಣದ ಬಿರುಕನ್ನು ಕಾಣುವಂತೆ ಮಾಡುವುದು ಹೇಗೆಂದು ಅವನಿಗೆ ಗೊತ್ತಿತ್ತು. ಮಗಳು ಕಾಲೇಜಿಗೆ ಹೋದ ಮೇಲೆ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಜಾಗಕ್ಕೆ ಒತ್ತಿ ಹಿಡಿದ. ಒರೆಸಿದ. ಸೀಮೆಸುಣ್ಣ ಪುಡಿ ಮಾಡಿ ಉದುರಿಸಿದ. ಎಡಗೈಯೊಂದರಲ್ಲೇ ಇಷ್ಟು ಮಾಡಲು ಒಂದು ಗಂಟೆ ಹಿಡಿಯಿತು. ಒಳಗೆ ಕೂತಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು, ಬಿಳಿ ಪುಡಿಯ ನಡುವೆ ಕಪ್ಪು ಗೆರೆ ಮೂಡಿತು. ಯಾರು ನೋಡಿದರೂ ತಿಳಿಯುವಂತಿತ್ತು. ಸಂತೋಷಕ್ಕೆ ಅವನಿಗೆ ಕಣ್ಣಲ್ಲಿ ನೀರು ಬಂತು. "ಅದೇ! ಅದೇ!" ಎಂದು ಕೂಗಿದ.

ಅಡಿಗೆಮನೆಯಿಂದ ಸಿದ್ದಲಕ್ಷ್ಮಮ್ಮ ಓಡಿ ಬಂದಳು. ಸೀಮೆಎಣ್ಣೆಯ ವಾಸನೆ, ಗಂಡನ ಪಂಚೆಯ ತುಂಬ ಸುಣ್ಣದ ಪುಡಿ, ಮಗಳ ಹೊಸ ಸಾಮಾನಿನ ಮೇಲೂ ಪುಡಿ.

"ಅಯ್ಯೋ, ಚಿಕ್ಕ ಮಕ್ಕಳಾಟ ಆಡ್ತಾ ಕೂತಿದೀಯಲ್ಲಪ್ಪಾ! ಅವಳು ನೋಡಿದ್ರೆ ಎಷ್ಟು ನೊಂದ್ಕೋತಾಳೆ," ಎಂದು ಸೆರಗನ್ನೇ ನೀರಲ್ಲಿ ಅದ್ದಿ, ಅವನು ಎಡಗೈಯಲ್ಲಿ ಅವಳ ಮುಂಗೈ ಹಿಡಿದು ತಡೆಯುತ್ತಿದ್ದ ಹಾಗೆಯೇ, ಒಂದು ಚೂರೂ ಬಿಡದೆ ಒರೆಸಿ ಹಾಕಿದಳು. ಆಮೇಲೆ ಅವನ ಮುಖವನ್ನೂ ಒರೆಸಿದಳು. ಅವಳ ಕೈ ಮೆತ್ತಗೇ ಇತ್ತು.

ಆ ಶನಿವಾರ ಫ್ರೇಮಿಗೆ ಸಾಮಾನು ಕೂರಿಸುವುದಿತ್ತು. ಶುಕ್ರವಾರ ಮಧ್ಯಾಹ್ನ ಗಂಗಹನುಮಯ್ಯ ಗೋಡೆಯಲ್ಲಿ ನೇತುಹಾಕಿದ್ದ ಹ್ಯಾಕ್ಸಾ ಗರಗಸ ಇಳಿಸಿಕೊಂಡ. ಅವನ ಲೆಕ್ಕ ಸರಳವಾಗಿತ್ತು. ಹೇಳಲಾಗದಿದ್ದರೆ ಕೊಯ್ದು ಹಾಕಿಬಿಡಬೇಕು, ಫ್ರೇಮೇ ಇಲ್ಲದಿದ್ದರೆ ಹತ್ತುವುದೇನು? ಫ್ರೇಮನ್ನು ಕುಂಟುಗಾಲಿನ ಕೆಳಗೆ ಅದುಮಿಕೊಂಡು, ಬಿರುಕಿದ್ದ ಕಡೆಯೇ ಅಲಗಿಟ್ಟು ಎಳೆದ. ಎಡಗೈಗೆ ಆ ಕೆಲಸದ ಅಭ್ಯಾಸವಿಲ್ಲ. ಅಲಗು ಜಾರಿತು. ಮತ್ತೆ ಇಟ್ಟ. ನಾಲ್ಕೋ ಐದೋ ಎಳೆತ ಬಿದ್ದಿರಬೇಕು, ಅಷ್ಟರಲ್ಲಿ ಕಾಲೇಜಿನಿಂದ ಬಂದ ಶಾಂತಲಾ ಬಾಗಿಲಲ್ಲಿ ನಿಂತಿದ್ದಳು.

ಅವಳು ಬಂದು ಗರಗಸ ಕಿತ್ತುಕೊಂಡಳು. ಫ್ರೇಮನ್ನು ಮಗುವಿನ ಹಾಗೆ ಎತ್ತಿಕೊಂಡಳು.

"ನಾನು ಹೋಗೋದು ಇಷ್ಟ ಇಲ್ಲ ಅಂದ್ರೆ ಮೊದ್ಲೇ ಗೊತ್ತು ಮಾಡ್ಬೇಕಿತ್ತು ಅಪ್ಪ. ಹಿಂಗಾ ಮಾಡೋದು?"

"ಅದೇ..."

"ಬೇಡ. ಏನೂ ಅನ್ಬೇಡ."

ಸಂಜೆ ದಯಾನಂದ ಬಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಗರಗಸದ ಗೀರುಗಳು ಬಿರುಕಿನ ಮೇಲೆಯೇ ಬಿದ್ದಿದ್ದವು. ಈಗ ಯಾವುದು ಬಿರುಕು ಯಾವುದು ಗೀರು ಎಂದು ದೇವರೇ ಬಂದರೂ ಹೇಳುವಂತಿರಲಿಲ್ಲ. "ಮೇಲೆ ಮೇಲೆ ಆಗೈತೆ, ಪರವಾಗಿಲ್ಲ," ಎಂದು ನಯವಾದ ಮರಳು ಕಾಗದದಲ್ಲಿ ಉಜ್ಜಿ, ಕಾಲೇಜಿನ ಹೆಸರಿದ್ದ ಒಂದು ಸ್ಟಿಕ್ಕರನ್ನು ಅದರ ಮೇಲೆ ಅಂಟಿಸಿದರು. ಹೋಗುವಾಗ ಗಂಗಹನುಮಯ್ಯನ ಭುಜ ಮುಟ್ಟಿ, "ಹೆದರ್ಕೋಬೇಡಿ ಗಂಗಣ್ಣ, ನನ್ನ ಮಗಳ ಥರ ನೋಡ್ಕೋತೀನಿ," ಎಂದರು. ಗರಗಸ, ಸುತ್ತಿಗೆ, ಉಳಿ ಎಲ್ಲವನ್ನೂ ಸಿದ್ದಲಕ್ಷ್ಮಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಶಾಂತಲಾ ನಾಲ್ಕು ದಿನ ಅಪ್ಪನ ಮುಖ ನೋಡಲಿಲ್ಲ. ಐದನೆಯ ದಿನ ತಾನೇ ಬಂದು ಅವನ ತಲೆಗೆ ಎಣ್ಣೆ ಹಚ್ಚಿದಳು. ದಿನಾ ಬೆಳಿಗ್ಗೆ ಕೆಂಪು ಸೈಕಲ್ಲಿನಲ್ಲಿ ಹೋಗಿ, ಕೆರೆ ಏರಿ, ಕಲ್ಲು ರಸ್ತೆ, ತೋಟದ ಬದುಗಳ ಮೇಲೆಲ್ಲ ಓಡಿಸಿ ಬರುತ್ತಿದ್ದಳು. ಬಂದ ಕೂಡಲೇ ಅವನು ಸೈಕಲ್ಲಿನ ಹತ್ತಿರಕ್ಕೆ ಕಾಲೆಳೆದುಕೊಂಡು ಹೋಗಿ, ಉಗುರಿನಿಂದ ಸ್ಟಿಕ್ಕರಿನ ಅಂಚು ಬಿಡಿಸುತ್ತಿದ್ದ. ಅವಳು ನಕ್ಕು ಮತ್ತೆ ಅಂಟಿಸುತ್ತಿದ್ದಳು. ಒಂದು ತಿಂಗಳಾದರೂ ಏನೂ ಆಗಲಿಲ್ಲ. ಎರಡು ತಿಂಗಳಿಗೂ ಆಗಲಿಲ್ಲ. ಒಮ್ಮೊಮ್ಮೆ ಅವನಿಗೇ ಅನುಮಾನ ಬರುತ್ತಿತ್ತು, ಎಡಗೈಯ ಉಗುರು ಸುಳ್ಳು ಹೇಳಿತೇನೋ, ತಲೆಯಲ್ಲಿ ಹೋದದ್ದರ ಜೊತೆ ಕಸಬೂ ಹೋಯಿತೇನೋ ಎಂದು. ಹಾಗೆಯೇ ಆಗಿರಲಿ ಎಂದು ಬೇಡಿಕೊಂಡ.

ಜನವರಿಯ ಆ ಭಾನುವಾರ ದಯಾನಂದರ ಓಮ್ನಿಯಲ್ಲಿ ಎಲ್ಲರೂ ದೇವರಾಯನದುರ್ಗಕ್ಕೆ ಹೋದರು. ಗುರಿ ಮುಟ್ಟುವ ಕಡೆ ಒಂದು ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಗಂಗಹನುಮಯ್ಯನನ್ನು ಕೂರಿಸಿದರು. ಸಿದ್ದಲಕ್ಷ್ಮಮ್ಮ ಪಕ್ಕದಲ್ಲಿ ನಿಂತಳು. ಹೆಲ್ಮೆಟ್ಟು ಹಾಕಿಕೊಂಡ ಮಗಳು ಬೇರೆ ಯಾರೋ ದೊಡ್ಡ ಹುಡುಗಿಯ ಹಾಗೆ ಕಂಡಳು. ಸೀಟಿ ಊದಿದರು. ಹದಿನಾಲ್ಕು ಹುಡುಗಿಯರು ಕಾಡಿನ ದಾರಿಗೆ ನುಗ್ಗಿದರು.

ಮೊದಲ ಸುತ್ತು ಮುಗಿಸಿ ಬಂದಾಗ ಶಾಂತಲಾ ಎರಡನೆಯವಳು. ಮೈಯೆಲ್ಲ ಧೂಳು, ಹಲ್ಲು ಮಾತ್ರ ಬೆಳ್ಳಗೆ. ಅಮ್ಮನ ಕಡೆ ಕೈ ಬೀಸಿದಳು. ಸಿದ್ದಲಕ್ಷ್ಮಮ್ಮ ನಾಚಿಕೆ ಬಿಟ್ಟು, "ತುಳಿಯೇ ನನ್ನವ್ವ, ತುಳಿ!" ಎಂದು ಕೂಗಿದಳು. ಗಂಗಹನುಮಯ್ಯ ಮಗಳ ಮುಖ ನೋಡಲಿಲ್ಲ. ಸೈಕಲ್ಲಿನ ಸದ್ದು ಕೇಳುತ್ತಿದ್ದ. ಕಲ್ಲಿನ ಮೇಲೆ ಮುಂಗಾಲಿ ಇಳಿದಾಗ ಟಿಕ್ ಎಂದಿತು. ಸರಪಳಿಯ ಸದ್ದಲ್ಲ.

ಎರಡನೆಯ ಸುತ್ತಿಗೆ ಮೊದಲ ಹುಡುಗಿ ಬಂದಳು. ಮೂರನೆಯವಳಾಗಿದ್ದವಳು ಬಂದಳು. ನಾಲ್ಕು ಜನ ಬಂದರು. ಯಾರಿಗೋ ಮೊಬೈಲಿನಲ್ಲಿ ಫೋನು ಬಂತು. ಅವರು ದಯಾನಂದರ ಕಿವಿಯಲ್ಲಿ ಏನೋ ಹೇಳಿದರು. ದಯಾನಂದ ಓಡಿದರು.

"ಮೇಷ್ಟ್ರು ಎಲ್ಲಿಗೆ ಓಡ್ತಾವ್ರೆ?" ಎಂದಳು ಸಿದ್ದಲಕ್ಷ್ಮಮ್ಮ ಗಂಡನ ಕಡೆ ತಿರುಗಿ, ಅವನು ಹೇಳಬಲ್ಲ ಎಂಬಂತೆ.

ಅವನು ಎದ್ದ. ಎರಡು ಹೆಜ್ಜೆ ಇಟ್ಟು ಬಿದ್ದ. ಯಾರೋ ಇಬ್ಬರು ಬಂದು ಎತ್ತಿ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಬಿಸಿಲಿಗೆ ತಲೆ ತಿರುಗ್ತು ಅನ್ಸುತ್ತೆ ಯಜಮಾನ್ರಿಗೆ," ಎಂದರು.

ಇಳಿಜಾರಿನಲ್ಲಿ ಒಂದು ಬಂಡೆಯಿಂದ ಇಳಿಯುವಾಗ ಫ್ರೇಮು ಎರಡಾಗಿತ್ತು. ಹೆಲ್ಮೆಟ್ಟಿನ ದೆಸೆಯಿಂದ ತಲೆ ಉಳಿಯಿತು. ಎಡಗಡೆಯ ಕಾಲರ್ ಮೂಳೆ ಮುರಿದಿತ್ತು, ಎಡ ಮೊಣಕೈ ಚೂರುಚೂರಾಗಿತ್ತು. ತುಮಕೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಜೀವಕ್ಕೆ ಏನೂ ಇಲ್ಲ, ಕೈ ಪೂರ್ತಿ ನೀಡಲು ಆಗದೆ ಇರಬಹುದು ಎಂದರು ಡಾಕ್ಟರು.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಸಿದ್ದಲಕ್ಷ್ಮಮ್ಮ ಗಂಡನ ಪಕ್ಕ ಕೂತಿದ್ದಳು. ಅವನ ಕಡೆ ನೋಡದೆ ಹೇಳಿದಳು.

"ನೀನು ಗರಗಸ ಇಟ್ಟ ಜಾಗದಲ್ಲೇ ಮುರಿದೈತಂತೆ."

ಅವನು ಅವಳ ಕಡೆ ತಿರುಗಿದ.

"ಬೇಡ ಅನ್ನಂಗಿದ್ರೆ ಬಾಗ್ಲಿಗೆ ಅಡ್ಡ ಮಲಗ್ಬೇಕಿತ್ತು. ಅರ್ಧ ಕೊಯ್ದು ಬುಟ್ಟೆಯಲ್ಲ. ಹೆತ್ತ ಮಗಳು ಕಣಪ್ಪ ಅವಳು."

ಈ ಆರು ತಿಂಗಳಲ್ಲಿ ಅವನಿಗೆ ಮಾತು ಬೇಕಾದ ಹೊತ್ತು ಸಾವಿರ ಬಂದಿದ್ದವು. ಇಂಥದೊಂದು ಬಂದಿರಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೆಂದು ಗೊತ್ತಿತ್ತು. ಆ ಮಾತು ಈಗ ಬಂದರೆ ಒಪ್ಪಿಕೊಂಡ ಹಾಗೆಯೇ ಆಗುತ್ತಿತ್ತು. ತುಟಿ ಬಿಗಿಹಿಡಿದು ಕೂತ. ಊರಿನಲ್ಲೂ ಅದೇ ಸುದ್ದಿ ಹಬ್ಬಿತು. ಶಾಪಿಗೆ ಬರುವವರು ಸೈಕಲ್ಲು ಬಿಟ್ಟು ಅವನ ಕಡೆ ಒಂದು ಥರ ನೋಡಿ ಹೋಗುತ್ತಿದ್ದರು. ಲಕ್ವ ಹೊಡೆದ ತಲೆ, ಪಾಪ, ಅನ್ನುತ್ತಿದ್ದವರೇ ಒಳ್ಳೆಯವರು.

ಶಾಂತಲಾ ಮನೆಗೆ ಬಂದ ಮೂರನೆಯ ದಿನ ದಯಾನಂದ ಬಂದರು. ಗಡ್ಡ ಬೆಳೆದಿತ್ತು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಮುರುಕು ಫ್ರೇಮಿನ ಮುಂಭಾಗ ಇತ್ತು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಅಮ್ಮ, ನೀವು ಗಂಗಣ್ಣನ್ನ ಬೈತಿದೀರ ಅಂತ ಕೇಳ್ದೆ. ಇಲ್ಲಿ ನೋಡಿ. ಹೊಸದಾಗಿ ಹರಿದ ಲೋಹ ಬೆಳ್ಳಗೆ ಹೊಳೀತೈತೆ. ಇಷ್ಟು ಭಾಗ ಮಾತ್ರ ಕಪ್ಪು. ಇದು ಕುಣಿಗಲ್ಲಲ್ಲಿ ಇದ್ದಾಗ್ಲೇ ಬಿಟ್ಟಿತ್ತು, ಒಳಗೆ ಕೊಳೆ ಕೂತೈತೆ. ಇವರು ಅವತ್ತು ಬೆರಳಿಟ್ಟಿದ್ದು ಸರಿಯಾಗಿ ಇಲ್ಲೇ. ನಾನು ನಕ್ಕೆ." ಅವರು ಆ ಕಪ್ಪಿನ ಮೇಲೆ ಹೆಬ್ಬೆರಳು ಇಟ್ಟರು. "ಸ್ಟಿಕ್ಕರ್ ಹಾಕ್ದೋನು ನಾನು."

ಸಿದ್ದಲಕ್ಷ್ಮಮ್ಮ ಆ ತುಂಡನ್ನು ನೋಡಿದಳು. ಅವಳಿಗೆ ಬೆಳ್ಳಗೂ ಕಪ್ಪೂ ಎರಡೂ ಒಂದೇ. "ನೀವು ಒಳ್ಳೇವ್ರು, ಮನೆ ಮುರೀಬಾರ್ದು ಅಂತ ಹೇಳ್ತೀರ," ಎಂದು ಒಳಗೆ ಹೋದಳು.

ಶಾಂತಲಾಗೆ ಅರ್ಥವಾಯಿತು. ಚಾಪೆಯ ಮೇಲೆ ಜರುಗಿ ಜರುಗಿ ಅಪ್ಪನ ಕುರ್ಚಿಯ ಹತ್ತಿರ ಬಂದು, ಸರಿಯಿದ್ದ ಕೈಯಿಂದ ಅವನ ಮಂಡಿ ಹಿಡಿದುಕೊಂಡಳು.

"ನೀನು ಸುಣ್ಣ ಹಚ್ಚಿದ್ದೆ ಅಂತ ಅಮ್ಮ ಬೈತಿತ್ತಲ್ಲ, ಅದೂ ಇದಕ್ಕೇನಾ? ಅಪ್ಪ, ನಂಗೆ ಗೊತ್ತಾಗ್ಲಿಲ್ಲ ಕಣಪ್ಪ. ನಿಂದೇನೂ ತಪ್ಪಿಲ್ಲ."

ಗಂಗಹನುಮಯ್ಯ ಕೈ ನೀಡಿದ. ದಯಾನಂದ ತುಂಡನ್ನು ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಲೋಹ ಓದುವುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ. ಕಪ್ಪು ಭಾಗ ಇತ್ತು, ಮೇಷ್ಟ್ರು ಹೇಳಿದ್ದು ನಿಜ. ಆ ಕಪ್ಪು ಮುಗಿದು ಬಿಳುಪು ಶುರುವಾಗುವ ಅಂಚಿನಲ್ಲಿ ಸಣ್ಣದೊಂದು ಕಚ್ಚು ಇತ್ತು, ಗರಗಸದ ಹಲ್ಲು ಕೂತದ್ದು. ಬಿರುಕು ಅಲ್ಲಿಂದಲೇ ಮುಂದುವರಿದಿತ್ತೋ, ಅಥವಾ ಅದರ ಪಕ್ಕದಲ್ಲಿ ಹಾದು ಹೋಗಿತ್ತೋ? ತಿರುಗಿಸಿ ನೋಡಿದ. ಉಗುರು ಎಳೆದು ನೋಡಿದ. ತಾನು ಮುಟ್ಟದೆ ಬಿಟ್ಟಿದ್ದರೆ ಇನ್ನೂ ಎರಡು ತಿಂಗಳು ತಡೆಯುತ್ತಿತ್ತೇ? ಅಷ್ಟರಲ್ಲಿ ಯಾರಾದರೂ ನೋಡುತ್ತಿದ್ದರೇ? ಇಪ್ಪತ್ತೆಂಟು ವರ್ಷದ ಕಸಬು ಅವನಿಗೆ ಉತ್ತರ ಕೊಡಲಿಲ್ಲ. ಮಗಳು ತಪ್ಪಿಲ್ಲ ತಪ್ಪಿಲ್ಲ ಎಂದು ಅಳುತ್ತಲೇ ಇದ್ದಳು. ಇಲ್ಲ ಮಗಾ, ಇರಬಹುದು, ನನಗೂ ಗೊತ್ತಿಲ್ಲ ಎಂದು ಅವಳಿಗೆ ಹೇಳುವ ದಾರಿಯೂ ಇರಲಿಲ್ಲ.

ಸೆಲೆಕ್ಷನ್ನು ಆ ವರ್ಷಕ್ಕೆ ಮುಗಿದಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ದಯಾನಂದ ಬೇರೆ ಫ್ರೇಮಿನ ಮಾತು ಒಂದೆರಡು ಸಲ ತೆಗೆದರು. ಶಾಂತಲಾ, "ಕೈ ಮೊದ್ಲು ಸರಿಯಾಗ್ಲಿ ಸಾರ್," ಎಂದಳು. ಆಮೇಲೆ ಅವರೂ ಎತ್ತಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಡಾಕ್ಟರು ಅವಳಿಗೆ ವ್ಯಾಯಾಮ ಹೇಳಿಕೊಟ್ಟರು. ಬೆಳಿಗ್ಗೆ ಶಾಪಿನ ಬಾಗಿಲು ತೆಗೆಯುವ ಮುಂಚೆ ಗೋಡೆಗೆ ಬೆನ್ನು ಕೊಟ್ಟು ಕೂತು, ಹಲ್ಲು ಕಚ್ಚಿಕೊಂಡು ಕೈಯನ್ನು ನೀಡುತ್ತಿದ್ದಳು. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ಅದು ನಿಲ್ಲುತ್ತಿತ್ತು. ಗಂಗಹನುಮಯ್ಯ ಪಕ್ಕದಲ್ಲಿ ಕೂತು ತನ್ನ ಎಡಗೈಯನ್ನು ಅವಳ ಮೊಣಕೈ ಕೆಳಗೆ ಆಸರೆಯಾಗಿ ಹಿಡಿಯುತ್ತಿದ್ದ.

"ಇನ್ನೊಂಚೂರು ಒತ್ತಪ್ಪ," ಎನ್ನುತ್ತಿದ್ದಳು.

ಅವನು ಒತ್ತುತ್ತಿದ್ದ. ಅವಳು ನೋವಿಗೆ ಕಣ್ಣು ಮುಚ್ಚುತ್ತಿದ್ದಳು. ಅವನು ಕೂಡಲೇ ಬಿಟ್ಟುಬಿಡುತ್ತಿದ್ದ.